ಕೈ ಎತ್ತಿದವರು, ಕೈ ತೊಳೆದುಕೊಂಡವರು

ಸಿಸಿಲಿಯಲ್ಲಿ ತಮ್ಮ ಸೈನ್ಯ ಹೇಳಹೆಸರಿಲ್ಲದಂತೆ ನಾಶವಾದ ಸುದ್ದಿ ಅಥೆನ್ಸ್‌ನವರಿಗೆ ಮೊದಲು ತಿಳಿದದ್ದು ಒಂದು ಕ್ಷೌರದಂಗಡಿಯಿಂದ. ಕ್ರಿ.ಪೂ. 413ರ ಮಾತು. ಪಿರೇಯಸ್ ಬಂದರಿನ ಅಂಗಡಿಗೆ ಬಂದು ಕೂತ ಪರಸ್ಥಳದವನೊಬ್ಬ, ಎಲ್ಲರಿಗೂ ಗೊತ್ತಿರುವ ವಿಷಯವೆಂದುಕೊಂಡು ಸೋಲಿನ ಮಾತೆತ್ತಿದ. ಕ್ಷೌರಿಕ ಅಂಗಡಿ ಬಿಟ್ಟು ನಗರದತ್ತ ಓಟ ಕಿತ್ತ. ಜನ ಸೇರಿದರು, ಯಾರು ಹೇಳಿದ್ದೆಂದು ಕೇಳಿದರು. ಹೇಳಿದವನ ಗುರುತು ಅವನಿಗೆ ಗೊತ್ತಿರಲಿಲ್ಲ. ಸುಳ್ಳು ಹಬ್ಬಿಸಿ ಊರು ಕದಡುತ್ತಿದ್ದಾನೆಂದು ಅವನನ್ನು ಚಕ್ರಕ್ಕೆ ಕಟ್ಟಿ ಹಿಂಸಿಸಿದರು. ಪೂರ್ತಿ ವಿವರ ಹೊತ್ತ ದೂತರು ಬಂದ ಮೇಲೇ ಅವನಿಗೆ ಬಿಡುಗಡೆ. ಇದನ್ನು ಬರೆದಿಟ್ಟ ಪ್ಲುಟಾರ್ಕ್ ಸುಮಾರು ಐನೂರು ವರ್ಷ ಆಮೇಲಿನವನು, ಕಥೆಗೆ ಬಣ್ಣ ಸೇರಿದ್ದರೂ ಸೇರಿರಬಹುದು. ಮುಂದಿನದನ್ನು ಹೇಳುವ ಇತಿಹಾಸಕಾರ ಥುಸಿಡಿಡೀಸ್ ಮಾತ್ರ ಆ ಕಾಲದಲ್ಲೇ ಬದುಕಿದ್ದವನು. ಸೋಲು ಖಾತ್ರಿಯಾದೊಡನೆ ಜನ ದಂಡಯಾತ್ರೆಗೆ ಹುರಿದುಂಬಿಸಿದ್ದ ಭಾಷಣಕಾರರ ಮೇಲೆ ಹರಿಹಾಯ್ದರು. ಗೆಲುವು ನಮ್ಮದೇ ಎಂದಿದ್ದ ಕಣಿ ಹೇಳುವವರನ್ನೂ ಬಿಡಲಿಲ್ಲ. ದಂಡಯಾತ್ರೆಗೆ ಮತ ಕೊಟ್ಟಿದ್ದು ತಾವಲ್ಲವೇ ಅಲ್ಲವೆಂಬಂತೆ ನಡೆದುಕೊಂಡರು ಎಂದು ಅವನು ಒಂದೇ ಮಾತಿನಲ್ಲಿ ಕುಟುಕಿ ಮುಂದೆ ಹೋಗುತ್ತಾನೆ.

ಮತ ಹಾಕಿ ಆಮೇಲೆ ಕೈ ಹಿಸುಕಿಕೊಳ್ಳುವವರನ್ನು ಕಂಡರೆ ಉರಿದುಬೀಳುವುದು ಈ ಹತ್ತು ವರ್ಷಗಳಲ್ಲಿ ಹುಟ್ಟಿದ ಚಾಳಿಯೆಂದು ಅನೇಕರು ತಿಳಿದಿದ್ದಾರೆ. "ಮಾಡಿದ್ದುಣ್ಣೋ ಮಹರಾಯ" ಎಂದು ಹಂಗಿಸುವ ಮಾತು ಈಗ ಲೋಕದ ಎಲ್ಲ ಭಾಷೆಗಳಲ್ಲೂ ಕೇಳಿಸುತ್ತಿರುವುದು ನಿಜ. ಆದರೆ ಆ ಸಿಟ್ಟಿಗೆ ಮತದಾನದಷ್ಟೇ ವಯಸ್ಸಾಗಿದೆ. ಮತ ಹಾಕಿದವನು ತಪ್ಪು ಮಾಡಿದ ಎಂಬುದಕ್ಕಿಂತ, ಆ ತಪ್ಪಿಗೆ ತಾನು ಬಾಧ್ಯನಲ್ಲ ಎಂದು ಜಾರಿಕೊಂಡ ಎಂಬುದೇ ಅದನ್ನು ಕೆರಳಿಸುತ್ತ ಬಂದಿದೆ.

ಅಥೆನ್ಸ್‌ನಲ್ಲಿ ಹೀಗೆ ಜಾರಿಕೊಳ್ಳುವುದು ಸುಲಭವಿರಬಾರದಾಗಿತ್ತು. ಪ್ನಿಕ್ಸ್ ಎಂಬ ಕಲ್ಲುಗುಡ್ಡದ ಮೇಲೆ ಸಾವಿರಗಟ್ಟಲೆ ಗಂಡಸರು ಸೇರಿ, ಭಾಷಣ ಕೇಳಿ, ಕೈ ಎತ್ತಿ ತೀರ್ಮಾನಿಸುತ್ತಿದ್ದರು. ಹೆಂಗಸರಿಗೆ, ಗುಲಾಮರಿಗೆ, ವಲಸೆ ಬಂದವರಿಗೆ ಅಲ್ಲಿ ಜಾಗವಿರಲಿಲ್ಲ. ಯಾರು ಯಾವುದಕ್ಕೆ ಕೈ ಎತ್ತಿದರೆಂದು ಪಕ್ಕದವನಿಗೆ ಕಾಣುತ್ತಿತ್ತು. ಕ್ರಿ.ಪೂ. 415ರಲ್ಲಿ ಸಿಸಿಲಿಯ ಪ್ರಶ್ನೆ ಬಂದಾಗ ಈ ಕಾಣುವಿಕೆಯೇ ತೊಡಕಾಯಿತು. ದಂಡಯಾತ್ರೆ ಬೇಡವೆನ್ನುತ್ತಿದ್ದ ಸೇನಾಧಿಪತಿ ನಿಸಿಯಾಸ್, ಜನರನ್ನು ಹೆದರಿಸಲೆಂದು ಭಾರಿ ಸೈನ್ಯವೇ ಬೇಕಾಗುತ್ತದೆಂದು ಹೇಳಿದ. ಜನ ಹೆದರುವ ಬದಲು ಅಷ್ಟನ್ನೂ ಕೊಟ್ಟೇಬಿಟ್ಟರು. ಮೊದಲ ಕಂತಿನಲ್ಲೇ 134 ಯುದ್ಧನೌಕೆಗಳು ಹೊರಟವು. ಬೇಡವೆನಿಸಿದವರೂ ಆ ಸಭೆಯಲ್ಲಿದ್ದರು, ಆದರೆ ಎದುರು ಕೈ ಎತ್ತಿದರೆ ದೇಶದ್ರೋಹಿ ಎಂದಾರೆಂದು ಬಾಯಿ ಮುಚ್ಚಿಕೊಂಡರು. ಎರಡು ವರ್ಷದ ನಂತರ ಏಳು ಸಾವಿರದಷ್ಟು ಜನ ಸಿರಕ್ಯೂಸ್‌ನ ಕಲ್ಲುಗಣಿಗಳಲ್ಲಿ ಸೆರೆಯಾಳುಗಳಾಗಿ ಸಾಯುತ್ತಿದ್ದಾಗ, ಅಂದು ಕೈ ಎತ್ತಿದವರು ಯಾರು, ಸುಮ್ಮನಿದ್ದವರು ಯಾರು ಎಂದು ಬಿಡಿಸಿ ಹೇಳುವುದಕ್ಕೆ ಯಾರಿಂದಲೂ ಆಗುತ್ತಿರಲಿಲ್ಲ. ಸಿಕ್ಕವರು ಭಾಷಣಕಾರರು ಮಾತ್ರ.

ಇದೇ ಯುಗದ ಒಂದು ಪುಟ್ಟ ಕೃತಿ ಕ್ಸೆನೊಫೊನ್‌ನ ಬರಹಗಳ ನಡುವೆ ಸೇರಿಕೊಂಡು ಉಳಿದುಬಂದಿದೆ. ಬರೆದವನ ಹೆಸರು ತಿಳಿಯದು. ಸಿರಿವಂತರ ಆಳ್ವಿಕೆಯೇ ಸರಿಯೆಂದು ನಂಬಿದ್ದವನು ಎಂಬುದು ಮಾತ್ರ ಸಾಲುಸಾಲಿನಲ್ಲೂ ಗೊತ್ತಾಗುತ್ತದೆ. ಅವನ ದೂರು ಇದು: ಕೆಲವೇ ಜನ ಆಳುವ ಊರಿನಲ್ಲಿ ಒಪ್ಪಂದ ಮುರಿದರೆ ಹೊಣೆ ಯಾರದೆಂದು ಹೆಸರು ಹಿಡಿದು ಹೇಳಬಹುದು; ಜನರೇ ಆಳುವಲ್ಲಿ ಪ್ರತಿಯೊಬ್ಬನೂ ಆ ದಿನ ನಾನು ಸಭೆಗೇ ಹೋಗಿರಲಿಲ್ಲ, ನನಗದು ಒಪ್ಪಿಗೆಯೂ ಇರಲಿಲ್ಲ ಎಂದು ನುಣುಚಿಕೊಳ್ಳಬಹುದು. ಪ್ರಜಾಪ್ರಭುತ್ವವನ್ನು ಹಳಿಯಲೆಂದೇ ಬರೆದದ್ದಾದರೂ ಇಲ್ಲಿ ಅವನ ಏಟು ಗುರಿ ತಪ್ಪಿಲ್ಲ.

ಪಶ್ಚಾತ್ತಾಪ ಪಡುವವರನ್ನು ಮುಖಕ್ಕೆ ಹೊಡೆದಂತೆ ಬೈದ ಒಂದು ದೊಡ್ಡ ಭಾಷಣ ಇನ್ನೂ ಹಿಂದಿನದು, ಕ್ರಿ.ಪೂ. 427ರದು. ಲೆಸ್ಬೋಸ್ ದ್ವೀಪದ ಮಿಟಿಲೀನ್ ನಗರ ಅಥೆನ್ಸ್‌ನ ವಿರುದ್ಧ ದಂಗೆಯೆದ್ದು ಸೋತು ಶರಣಾಗಿತ್ತು. ಸಿಟ್ಟಿನ ಭರದಲ್ಲಿ ಸಭೆ ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಬೇಕು ಎಂದು ತೀರ್ಮಾನಿಸಿತು. ಆಜ್ಞೆ ಹೊತ್ತ ಹಡಗು ಹೊರಟೂಬಿಟ್ಟಿತು. ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಜನರಿಗೆ ಕಸಿವಿಸಿ. ತಪ್ಪು ಮಾಡಿದವರ ಜೊತೆ ಇಡೀ ಊರನ್ನೇ ಕೊಲ್ಲುವುದೇ? ಸಭೆ ಮತ್ತೆ ಸೇರಿತು.

ಆಗ ಎದ್ದುನಿಂತವನು ಕ್ಲಿಯೋನ್. ಹಿಂದಿನ ದಿನದ ನಿರ್ಣಯ ಅವನದೇ. ಥುಸಿಡಿಡೀಸ್ ಅವನ ಬಾಯಲ್ಲಿ ಇಡುವ ಮಾತಿನ ತಿರುಳು ಹೀಗಿದೆ: ನಿಮ್ಮಂಥವರಿಂದ ಸಾಮ್ರಾಜ್ಯ ಆಳುವುದಾಗದು. ನಿನ್ನೆ ಒಂದು, ಇವತ್ತು ಒಂದು. ನಾಟಕ ನೋಡಲು ಬಂದವರಂತೆ ಭಾಷಣ ಕೇಳುತ್ತೀರಿ, ಮಾತಿನ ಸೊಗಸಿಗೆ ಮರುಳಾಗುತ್ತೀರಿ. ದಿನಕ್ಕೊಮ್ಮೆ ಬದಲಾಗುವ ಒಳ್ಳೆಯ ಕಾನೂನಿಗಿಂತ ಬದಲಾಗದ ಕೆಟ್ಟ ಕಾನೂನೇ ಮೇಲು. ಅವನಿಗೆ ಎದುರು ನಿಂತ ಡಿಯೊಡೋಟಸ್ ಎಂಬವನ ಬಗ್ಗೆ ಚರಿತ್ರೆಗೆ ಬೇರೇನೂ ತಿಳಿದಂತಿಲ್ಲ. ಅವನು ಕರುಣೆಯ ಮಾತೆತ್ತಲಿಲ್ಲ, ಲಾಭನಷ್ಟದ ಲೆಕ್ಕ ಇಟ್ಟ. ನಡುವೆ ಒಂದು ಮಾತು ಹೇಳಿದ: ಸಲಹೆ ಕೊಟ್ಟವನಿಗೂ ಅದನ್ನು ಒಪ್ಪಿಕೊಂಡ ನಿಮಗೂ ಒಂದೇ ಶಿಕ್ಷೆ ಎಂದಿದ್ದರೆ ನೀವು ಇನ್ನಷ್ಟು ಯೋಚಿಸಿ ಮತ ಹಾಕುತ್ತಿದ್ದಿರಿ, ಈಗಲಾದರೋ ಕೆಟ್ಟಾಗ ಸಲಹೆಗಾರನೊಬ್ಬನನ್ನೇ ಹಿಡಿದು ದಂಡಿಸುತ್ತೀರಿ.

ಕೈಗಳು ಹೆಚ್ಚುಕಡಿಮೆ ಸಮಸಮ ಎದ್ದವು. ಕೂದಲೆಳೆಯಲ್ಲಿ ಡಿಯೊಡೋಟಸ್ ಗೆದ್ದ. ತಕ್ಷಣ ಎರಡನೆಯ ಹಡಗು ಹೊರಟಿತು. ಮೊದಲಿನದು ಒಂದು ಹಗಲು, ಒಂದು ರಾತ್ರಿಯಷ್ಟು ಮುಂದಿತ್ತು. ದಾರಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಅಥೆನ್ಸ್‌ನಲ್ಲಿದ್ದ ಮಿಟಿಲೀನ್‌ನ ರಾಯಭಾರಿಗಳು ಹುಟ್ಟುಗಾರರಿಗೆ ದ್ರಾಕ್ಷಾರಸ, ಬಾರ್ಲಿ ಹಿಟ್ಟು ಕಟ್ಟಿಕೊಟ್ಟು, ಸಮಯಕ್ಕೆ ಮುಟ್ಟಿದರೆ ಕೈತುಂಬ ಇನಾಮು ಎಂದರು. ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದರು, ಸರದಿಯಲ್ಲಿ ಮಲಗಿದರು, ಹಡಗು ಎಲ್ಲೂ ನಿಲ್ಲಲಿಲ್ಲ. ಎದುರುಗಾಳಿ ಬೀಸದ್ದು ಅದೃಷ್ಟ. ಮೊದಲ ಹಡಗಿನವರು ತಮ್ಮ ಕೆಲಸ ಎಂಥದೆಂದು ಗೊತ್ತಿದ್ದರಿಂದ ಅವಸರ ಮಾಡಿರಲೇ ಇಲ್ಲ. ಸೇನಾಧಿಪತಿ ಪಾಕೆಸ್ ಆಜ್ಞೆ ಓದಿ ಮುಗಿಸಿ ಕೊಲೆಗೆ ಅಣಿಯಾಗುತ್ತಿದ್ದಾಗ ಎರಡನೆಯ ಹಡಗು ದಡ ಮುಟ್ಟಿತು. ದಂಗೆಯ ಮುಂದಾಳುಗಳೆಂದು ಗುರುತಿಸಿದವರನ್ನು ಆಮೇಲೆ ಕೊಂದೇ ಕೊಂದರು, ಊರು ಉಳಿಯಿತು.

ಕ್ಲಿಯೋನ್‌ನ ಬೈಗುಳ ಯಾಕೆ ಬಂತೆಂದು ಇಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. ಚಂಚಲರು, ಬುದ್ಧಿಯಿಲ್ಲದವರು ಎಂದು ಅವನು ಜನರನ್ನು ಹೀಗಳೆದದ್ದು ಅವರಿಗೆ ಬುದ್ಧಿ ಕಲಿಸುವುದಕ್ಕಲ್ಲ, ಹಡಗು ವಾಪಸು ಬರದಿರಲೆಂದು. ಮನಸ್ಸು ಬದಲಿಸಿದವರನ್ನು ನಾಚಿಸಿದರೆ ತೀರ್ಮಾನ ಬದಲಾಗದು ಎಂಬ ಲೆಕ್ಕ ಅದು. ಮುಂದಿನ ಕಾಲದ ಎಷ್ಟೋ ಗೆದ್ದ ಪಕ್ಷಗಳಿಗೆ ಈ ಲೆಕ್ಕ ಚೆನ್ನಾಗಿ ಒಗ್ಗಿದೆ.

ಇನ್ನೊಂದು ಸಲ ಯಾವ ಹಡಗೂ ನೆರವಿಗೆ ಬರಲಿಲ್ಲ. ಕ್ರಿ.ಪೂ. 406ರಲ್ಲಿ ಆರ್ಗಿನೂಸೆ ಬಳಿ ಅಥೆನ್ಸ್ ಸಮುದ್ರಯುದ್ಧ ಗೆದ್ದಿತು, ಆದರೆ ಒಡೆದ ಹಡಗುಗಳಲ್ಲಿದ್ದ ತನ್ನವರನ್ನು ಬಿರುಗಾಳಿಯಲ್ಲಿ ಕಾಪಾಡಲಾಗಲಿಲ್ಲ. ಗೆದ್ದ ಸೇನಾಧಿಪತಿಗಳ ಮೇಲೆಯೇ ವಿಚಾರಣೆ ನಡೆಯಿತು. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕೆಂಬ ನಿಯಮ ಬದಿಗಿಟ್ಟು ಎಲ್ಲರಿಗೂ ಒಂದೇ ಮತ ಎಂದು ಕ್ಯಾಲಿಕ್ಸೆನಸ್ ಸೂಚಿಸಿದ. ಜನರಿಗೆ ತೋಚಿದ್ದನ್ನು ಮಾಡಲು ಬಿಡದಿರುವುದು ಅನ್ಯಾಯವೆಂದು ಗುಂಪು ಕೂಗಿತು. ಅಂದು ಸಭೆ ನಡೆಸುವವರ ಸಾಲಿನಲ್ಲಿದ್ದ ಸಾಕ್ರೆಟಿಸ್ ಒಬ್ಬನೇ ಒಪ್ಪಲಿಲ್ಲ. ಕೈಗೆ ಸಿಕ್ಕ ಆರು ಜನರನ್ನು ಕೊಂದರು; ಅವರಲ್ಲಿ ಅಥೆನ್ಸ್‌ನ ಹಿಂದಿನ ನಾಯಕ ಪೆರಿಕ್ಲಿಸ್‌ನ ಮಗನೂ ಇದ್ದ. ಸ್ವಲ್ಪ ಕಾಲದಲ್ಲೇ ಜನ ಪರಿತಪಿಸಿದರು. ಪರಿತಪಿಸಿ ಮಾಡಿದ್ದೇನು? ಜನರನ್ನು ಮೋಸಗೊಳಿಸಿದರು ಎಂದು ಕ್ಯಾಲಿಕ್ಸೆನಸ್ ಮತ್ತು ಇನ್ನೂ ನಾಲ್ವರ ಮೇಲೆ ಮೊಕದ್ದಮೆ ಹೂಡಿದರು. ಅವನು ತಪ್ಪಿಸಿಕೊಂಡು ಓಡಿಹೋದ, 403ರಲ್ಲಿ ಮರಳಿ ಬಂದ. ಊರೆಲ್ಲ ಅವನನ್ನು ದ್ವೇಷಿಸುತ್ತಿತ್ತು, ಅವನು ಹಸಿವಿನಿಂದ ಸತ್ತ ಎಂದು ಕ್ಸೆನೊಫೊನ್ ಬರೆಯುತ್ತಾನೆ. ಅಂದು ಕೂಗಿದ ಗುಂಪಿನಲ್ಲಿ ಮಿಕ್ಕ ಯಾರಿಗೂ ಏನೂ ಆಗಲಿಲ್ಲ.

ಎತ್ತಿದ ಕೈ ಕಾಣದಂತಾದದ್ದು ಬಹಳ ತಡವಾಗಿ. ಇಂಗ್ಲೆಂಡಿನಲ್ಲಿ 1872ರವರೆಗೂ ಮತದಾರ ಎಲ್ಲರೆದುರು ಅಭ್ಯರ್ಥಿಯ ಹೆಸರು ಹೇಳಬೇಕಿತ್ತು; ಯಾರು ಯಾರಿಗೆ ಹಾಕಿದರೆಂಬ ಪಟ್ಟಿ ಅಚ್ಚಾಗಿ ಮಾರಾಟವೂ ಆಗುತ್ತಿತ್ತು. ಆ ವರ್ಷ ಆಗಸ್ಟ್ 15ರಂದು ಪಾಂಟಿಫ್ರಾಕ್ಟ್ ಉಪಚುನಾವಣೆಯಲ್ಲಿ ಮೊದಲ ಗುಪ್ತ ಮತದಾನ ನಡೆಯಿತು. ಮತಪೆಟ್ಟಿಗೆಯ ಅರಗಿಗೆ ಒತ್ತಿದ ಮುದ್ರೆ ಆ ಊರಿನ ಹೆಸರಾಂತ ಜ್ಯೇಷ್ಠಮಧುವಿನ ಮಿಠಾಯಿ ಕಾರ್ಖಾನೆಯದು. ಅಮೆರಿಕದಲ್ಲಿ ಇಡೀ ರಾಜ್ಯಕ್ಕೆ ಗುಪ್ತ ಮತದಾನವನ್ನು ಮೊದಲು ತಂದದ್ದು ಮ್ಯಾಸಚೂಸೆಟ್ಸ್, 1888ರಲ್ಲಿ. ಜಮೀನ್ದಾರನ, ಧಣಿಯ ಕಣ್ಣಿನಿಂದ ಬಡವನನ್ನು ಕಾಪಾಡಿದ ಈ ಪರದೆ, ಹಾಕಿದ ಮತವನ್ನು ಆಮೇಲೆ ಅಲ್ಲಗಳೆಯುವ ಅನುಕೂಲವನ್ನೂ ಒದಗಿಸಿತು.

ಅನುಕೂಲವನ್ನು ಜನ ಬಳಸಿಕೊಂಡರು. 1960ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ಕೆನಡಿಗೆ ಬಿದ್ದದ್ದು ಅರ್ಧಕ್ಕೂ ತುಸು ಕಡಿಮೆ ಮತ. ಅವರ ಕೊಲೆಯಾದ ಮೇಲೆ ನಡೆದ ಸಮೀಕ್ಷೆಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ತಾವು ಕೆನಡಿಗೇ ಹಾಕಿದ್ದೆವೆಂದರು. ನಿಕ್ಸನ್ ವಿಷಯದಲ್ಲಿ ಇದರ ತಿರುವುಮುರುವು. 1972ರ ನವೆಂಬರಿನಲ್ಲಿ 49 ರಾಜ್ಯಗಳು, 60.7 ಶೇಕಡಾ ಮತ ಅವರ ಪಾಲಿಗೆ. ಎದುರಾಳಿ ಜಾರ್ಜ್ ಮೆಕ್‌ಗವರ್ನ್ ತಮ್ಮ ಸ್ವಂತ ರಾಜ್ಯ ಸೌತ್ ಡಕೋಟಾವನ್ನೂ ಕಳೆದುಕೊಂಡರು. ಉಳಿದದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್. 1973ರ ಬೇಸಿಗೆಯಲ್ಲಿ ವಾಟರ್‌ಗೇಟ್ ವಿಚಾರಣೆ ಟಿವಿಯಲ್ಲಿ ಮನೆಮನೆಗೆ ಬಂದಂತೆ ನಿಕ್ಸನ್‌ಗೆ ಮತ ಹಾಕಿದ್ದೆವು ಎನ್ನುವವರು ತೆಳುವಾಗುತ್ತ ಹೋದರು. ಆಗಲೇ ಕಾರುಗಳ ಹಿಂಭಾಗದಲ್ಲಿ ಆ ಪ್ರಸಿದ್ಧ ಸ್ಟಿಕರ್ ಕಾಣಿಸಿಕೊಂಡದ್ದು: ನನ್ನನ್ನು ದೂರಬೇಡಿ, ನಾನು ಮ್ಯಾಸಚೂಸೆಟ್ಸ್‌ನವನು. ಮಾತು ತಮಾಷೆಯದು, ಆದರೆ ಒಳಗೆ ಖಾರ ಇತ್ತು. ಮಿಕ್ಕ 49 ರಾಜ್ಯಗಳಿಗೂ ಅದು ಅನುಭವಿಸಿ ಎಂದೇ ಹೇಳುತ್ತಿತ್ತು. 1974ರ ಆಗಸ್ಟ್‌ನಲ್ಲಿ ನಿಕ್ಸನ್ ಕೆಳಗಿಳಿದರು. ಹತ್ತು ವರ್ಷದ ಮೇಲೆ, 1984ರಲ್ಲಿ, ರೇಗನ್ ಮತ್ತೆ 49 ರಾಜ್ಯ ಗೆದ್ದಾಗ ಒಂಟಿಯಾಗಿ ನಿಂತದ್ದು ಮಿನೆಸೋಟಾ. ಮ್ಯಾಸಚೂಸೆಟ್ಸ್ ಎಲ್ಲರ ಜೊತೆ ಸಾಲಿನಲ್ಲಿತ್ತು.

ಭಾರತದಲ್ಲಿ ಇದಕ್ಕೆ ಹತ್ತಿರದ ಪ್ರಸಂಗದಲ್ಲಿ ಕರ್ನಾಟಕದ ಪಾತ್ರ ವಿಚಿತ್ರವಾದದ್ದು. 1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಕಿತ್ತೊಗೆದಾಗ ಇಲ್ಲಿನ 28 ಕ್ಷೇತ್ರಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಮರುವರ್ಷ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳಿಸಿತು. ಜನತಾ ಸರ್ಕಾರ ಒಳಜಗಳದಲ್ಲಿ ಮುರಿದುಬಿದ್ದು, ಈರುಳ್ಳಿ ಬೆಲೆ ಗಗನಕ್ಕೇರಿ, 1980ರ ಜನವರಿಯಲ್ಲಿ ಅದೇ ಉತ್ತರ ಭಾರತ ಮನಸ್ಸು ಬದಲಿಸಿತು. ಇಂದಿರಾ ಕಾಂಗ್ರೆಸ್ಸಿಗೆ 353 ಸ್ಥಾನ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಅಡ್ವಾಣಿ, ಮಧು ದಂಡವತೆ ಸೇರಿದಂತೆ ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಕಂಡವರ ಪಾಲಿಗೆ ಇದು ನುಂಗಲಾರದ ತುತ್ತು. ಆದರೂ ಜನರನ್ನು ಬೈದು ಉಳಿದ ಪಕ್ಷ ಇಲ್ಲವೆಂಬುದು ನಮ್ಮ ರಾಜಕಾರಣಿಗಳಿಗೆ ಚೆನ್ನಾಗಿ ಗೊತ್ತು, ಮತದಾರ ಕೊಟ್ಟ ತೀರ್ಪಿಗೆ ತಲೆಬಾಗುತ್ತೇವೆ ಎಂದು ಮುಗಿಸುತ್ತಾರೆ.

ಇಂಥ ಸಂಕೋಚ 2016ರ ಬ್ರಿಟನ್ನಿನಲ್ಲಿ ಉಳಿದಿರಲಿಲ್ಲ. ಜೂನ್ 23ರ ಜನಮತಗಣನೆಯಲ್ಲಿ ಯುರೋಪಿಯನ್ ಒಕ್ಕೂಟ ಬಿಡಬೇಕೆಂದವರು 51.9 ಶೇಕಡಾ. ದೇಶದ ನೈರುತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಅದು 56.5. ತವರ ಮತ್ತು ಮೀನುಗಾರಿಕೆ ಕುಸಿದ ಮೇಲೆ ಬಡವಾಗಿದ್ದ ಆ ಜಿಲ್ಲೆಗೆ ಒಕ್ಕೂಟದಿಂದ ವರ್ಷಕ್ಕೆ ಸರಾಸರಿ 6 ಕೋಟಿ ಪೌಂಡ್ ಬರುತ್ತಿತ್ತು. ಮತದಾನದ ಮರುದಿನವೇ ಅಲ್ಲಿನ ಕೌನ್ಸಿಲ್, ಈ ಹಣಕ್ಕೆ ಕುತ್ತು ಬರಬಾರದು, ಸರ್ಕಾರ ಭರವಸೆ ಕೊಡಬೇಕು ಎಂದು ಹೇಳಿಕೆ ಹೊರಡಿಸಿತು. ಕೂತ ಕೊಂಬೆ ಕಡಿದು ಬಿದ್ದವರೆಂದು ದೇಶವೆಲ್ಲ ನಕ್ಕಿತು. ಅದಕ್ಕೂ ಮುಂಚೆ, 2015ರಲ್ಲಿ, ಇಂಗ್ಲಿಷ್ ಲೇಖಕ ಏಡ್ರಿಯನ್ ಬಾಟ್ ಬರೆದ ಚುಟುಕು ಹಾಸ್ಯವೊಂದು ಈಗ ಗಾದೆಯಷ್ಟೇ ಬಳಕೆಯಲ್ಲಿದೆ. ಜನರ ಮುಖ ತಿನ್ನುವ ಚಿರತೆಗಳ ಪಕ್ಷಕ್ಕೆ ಮತ ಹಾಕಿದವಳೊಬ್ಬಳು, ಅವು ತನ್ನ ಮುಖವನ್ನೂ ತಿನ್ನುತ್ತವೆಂದು ಅಂದುಕೊಂಡಿರಲಿಲ್ಲ ಎಂದು ಅಳುವ ಚಿತ್ರ ಅದರದು. 2018ರಲ್ಲಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ. 25 ಪ್ರತಿಸುಂಕ ಹಾಕಿದಾಗ ಟ್ರಂಪ್‌ಗೆ ಮತ ಹಾಕಿದ್ದ ಅಲ್ಲಿನ ರೈತರತ್ತ ನಗರದ ಜನ ಎಸೆದದ್ದೂ ಇಂಥದೇ ನಗೆ. ಆ ರೈತರಲ್ಲಿ ಬಹಳ ಮಂದಿ 2020ರಲ್ಲೂ ಅದೇ ಪಕ್ಷಕ್ಕೆ ಹಾಕಿದರು.

ಕಾರ್ನ್‌ವಾಲ್‌ಗೆ ಕೊನೆಗೆ ಸರ್ಕಾರ ಕೊಟ್ಟದ್ದು 2022ರಿಂದ ಮೂರು ವರ್ಷಕ್ಕೆ 13.2 ಕೋಟಿ ಪೌಂಡ್, ಹಳೆಯ ಲೆಕ್ಕದಲ್ಲಿ ಇದು ಖೋತಾ. ದೇಶದ ಸಮೀಕ್ಷೆಗಳಲ್ಲಿ ಒಕ್ಕೂಟ ಬಿಟ್ಟದ್ದು ತಪ್ಪೆನ್ನುವವರು ಕೆಲವು ವರ್ಷಗಳಿಂದ ಅರ್ಧಕ್ಕಿಂತ ಹೆಚ್ಚು. 2024ರ ಚುನಾವಣೆಯಲ್ಲಿ ಕಾರ್ನ್‌ವಾಲ್‌ನ ಆರೂ ಕ್ಷೇತ್ರಗಳನ್ನು ಕನ್ಸರ್ವೇಟಿವ್ ಪಕ್ಷ ಕಳೆದುಕೊಂಡಾಗ, ಅಂತೂ ಪಶ್ಚಾತ್ತಾಪ ಬಂತು ಎಂದರು ನಕ್ಕವರು. 2025ರ ಮೇ ತಿಂಗಳಲ್ಲಿ ಅಲ್ಲಿನ ಕೌನ್ಸಿಲಿಗೆ ಚುನಾವಣೆ ನಡೆಯಿತು. 87 ಸ್ಥಾನಗಳಲ್ಲಿ 28 ಗೆದ್ದು ಎಲ್ಲರಿಗಿಂತ ದೊಡ್ಡದಾಗಿ ಬಂದ ಪಕ್ಷ ರಿಫಾರ್ಮ್ ಯುಕೆ. ಅದರ ನಾಯಕ ನೈಜೆಲ್ ಫರಾಜ್, ಒಕ್ಕೂಟ ಬಿಡಬೇಕೆಂದು ಬದುಕಿಡೀ ಪ್ರಚಾರ ಮಾಡಿದವರು.