ಯಂತ್ರಗಳ ನಡುವಿನ ನಡುಭಾಷೆ

ಕಳೆದ ತಿಂಗಳು ಮೂರು ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಒಂದು ಚಿಕ್ಕ ಸಂಖ್ಯೆ, 32. ಒಂದು ಕಂಪನಿಯ ಜಿಪಿಯು ಮೇಲೆ ಎರಡು ವರ್ಷದಿಂದ ಸರಿಯಾಗಿ ಓಡುತ್ತಿದ್ದ ಪ್ರೋಗ್ರಾಮನ್ನು ಇನ್ನೊಂದು ಕಂಪನಿಯ ಕಾರ್ಡಿಗೆ ಒಯ್ಯುವ ಕೆಲಸ ನನ್ನ ತಲೆಗೆ ಬಂದಿತ್ತು. ಕಂಪೈಲ್ ಆಯಿತು, ಓಡಿತು, ಒಂದು ಎರರ್ ಕೂಡ ಇಲ್ಲ. ಉತ್ತರ ಮಾತ್ರ ತಪ್ಪು! ಅದರ ಬೆನ್ನು ಹತ್ತಿ ಹೋದವನು ಓದುತ್ತಾ ಓದುತ್ತಾ 1958ನೇ ಇಸವಿಗೆ ಹೋಗಿ ಮುಟ್ಟಿದೆ. ಆ ದಾರಿಯ ಕಥೆ ಇದು. (ಬಗ್ ಏನಾಗಿತ್ತು ಅಂತ ಕೊನೆಯಲ್ಲಿ ಹೇಳ್ತೀನಿ, ಸ್ವಲ್ಪ ತಾಳಿ :-) )

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನಮಗೆ ಈ ಸಮಸ್ಯೆ ಹೊಸದೇನಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿಯಲ್ಲಿ ಬರೆದದ್ದನ್ನು ಶ್ರೀಲಿಪಿಯಲ್ಲಿ ತೆರೆದರೆ ಕಾಣುತ್ತಿದ್ದದ್ದು ಬರೀ ಚಿತ್ರವಿಚಿತ್ರ ಗೀಚು. ಹೀಗೆ ಐದು ಬಗೆಯ ಫಾಂಟುಗಳಿದ್ದರೆ ಪ್ರತಿಯೊಂದರಿಂದ ಉಳಿದ ನಾಲ್ಕಕ್ಕೂ ಹೋಗಲು ಇಪ್ಪತ್ತು ಕನ್ವರ್ಟರ್ ಬೇಕು. ಮಧ್ಯದಲ್ಲಿ ಯೂನಿಕೋಡ್ ಇಟ್ಟರೆ ಹೋಗಲು ಐದು, ಬರಲು ಐದು, ಒಟ್ಟು ಹತ್ತೇ ಸಾಕು.

ಕಂಪೈಲರ್ ಬರೆಯುವವರಿಗೂ ಇದೇ ಗೋಳು. ಭಾಷೆಗಳು ಹಲವು, ಯಂತ್ರಗಳು ಹಲವು. ಅಮೆರಿಕದಲ್ಲಿ ಐಬಿಎಂ ಯಂತ್ರ ಬಳಸುವವರ 'ಷೇರ್' ಅನ್ನೋ ಸಂಘದ ಸಮಿತಿಯೊಂದು 1958ರಲ್ಲಿ ಇದಕ್ಕೊಂದು ಪರಿಹಾರ ಸೂಚಿಸಿತು. ಎಲ್ಲ ಭಾಷೆಗಳೂ ಮೊದಲು ಒಂದೇ ನಡುಭಾಷೆಗೆ ಇಳಿಯಲಿ, ಅಲ್ಲಿಂದ ಆಯಾ ಯಂತ್ರಕ್ಕೆ ಹೋಗಲಿ ಅಂತ. ಹೆಸರು ಅನ್‌ಕೋಲ್. ಅದೇ ವರ್ಷ ಮೆಲ್ವಿನ್ ಕಾನ್ವೇ ಕೂಡ ಅದಕ್ಕೊಂದು ಪ್ರಸ್ತಾವ ಬರೆದ. ಎಲ್ಲ ಭಾಷೆ, ಎಲ್ಲ ಯಂತ್ರಗಳನ್ನೂ ಒಂದೇ ಚೀಲದಲ್ಲಿ ತುಂಬುವ ಆಸೆ. ಅದು ಪೂರ್ತಿಯಾಗಿ ಎಂದೂ ಕಾರ್ಯರೂಪಕ್ಕೆ ಬರಲಿಲ್ಲ. ಆದರೆ ಆಸೆ ಸಾಯಲಿಲ್ಲ. ಎಪ್ಪತ್ತರ ದಶಕದ ಪಾಸ್ಕಲ್‌ನ ಪಿ-ಕೋಡ್, 1995ರ ಜಾವಾ ಬೈಟ್‌ಕೋಡ್ ಎಲ್ಲ ಅದೇ ಆಸೆಯ ಸಣ್ಣ ಸಣ್ಣ ರೂಪಗಳು.

ಇರಲಿ, ಜಿಪಿಯುಗೆ ಬರೋಣ. ಎನ್ವಿಡಿಯಾ 2006ರ ನವೆಂಬರಿನಲ್ಲಿ ಜಿಫೋರ್ಸ್ 8800 ಕಾರ್ಡನ್ನು ಬಿಟ್ಟಿತು. 2007ರಲ್ಲಿ ಕೂಡಾ (ಇದು 'ಸಹ' ಅನ್ನೋ ಅರ್ಥದ ಕೂಡಾ ಅಲ್ಲ!) ಮೊದಲ ಆವೃತ್ತಿ ಬಂತು. ಕೂಡಾದಲ್ಲಿ ಬರೆದದ್ದು ನೇರವಾಗಿ ಕಾರ್ಡಿನ ಆದೇಶಗಳಾಗುವ ಬದಲು ಪಿಟಿಎಕ್ಸ್ ಅನ್ನೋ ನಡುಭಾಷೆಗೆ ಇಳಿಯಬಹುದು. ಅದನ್ನು ಆಯಾ ಕಾರ್ಡಿನ ನಿಜವಾದ ಆದೇಶಗಳಿಗೆ ಇಳಿಸುವುದು ಡ್ರೈವರಿನ ಕೆಲಸ. ಹಾಗಾಗಿ ಹಳೆಯ ಪಿಟಿಎಕ್ಸ್ ಮುಂದೆ ಬರುವ ಕಾರ್ಡಿನಲ್ಲೂ ಓಡುತ್ತದೆ. ಚೆನ್ನಾಗಿದೆ ಅಲ್ವಾ? ಆದರೆ ಅದು ಒಂದು ಮನೆಯೊಳಗಿನ ಭಾಷೆ. ಹತ್ತು ವರ್ಷ ಕೂತು ಬರೆದ ಕೋಡ್ ಒಂದೇ ಕಂಪನಿಯ ಕಾರ್ಡಿಗೆ ಕಟ್ಟುಬಿದ್ದಿರುತ್ತದೆ. ಬೆಲೆ ಎಷ್ಟು ಹೇಳಿದರೂ ಕೊಡಬೇಕು.

ಆಪಲ್ ಶುರುಮಾಡಿ ಕ್ರೋನೋಸ್ ಒಕ್ಕೂಟಕ್ಕೆ ಒಪ್ಪಿಸಿದ ಓಪನ್‌ಸಿಎಲ್‌ನ ಮೊದಲ ಆವೃತ್ತಿ 2008ರ ಡಿಸೆಂಬರಿನಲ್ಲಿ ಬಂತು. ಎಲ್ಲ ಕಂಪನಿಗೂ ಒಂದೇ ಭಾಷೆ. ಆದರೆ ಮೂಲ ಕೋಡನ್ನೇ ಗ್ರಾಹಕನ ಯಂತ್ರಕ್ಕೆ ಕಳಿಸಿ ಅಲ್ಲಿ ಕಂಪೈಲ್ ಮಾಡಬೇಕು. ಪ್ರತಿ ಡ್ರೈವರಿನ ಹೊಟ್ಟೆಯಲ್ಲೂ ಒಂದು ಸಿ ಕಂಪೈಲರ್! ಒಂದು ಒಪ್ಪಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಮೇಲಾಗಿ ನಿಮ್ಮ ಮೂಲ ಕೋಡ್ ಊರಿಗೆಲ್ಲ ಬಯಲು.

ಹಾಗಾದರೆ ಇಲ್ಲೂ ಒಂದು ನಡುಭಾಷೆ ಬೇಕಲ್ಲ? ಅಷ್ಟರಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಆಡ್ವೆ 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದ ಎಲ್‌ಎಲ್‌ವಿಎಂ ದೊಡ್ಡದಾಗಿ ಬೆಳೆದಿತ್ತು. ಕ್ರೋನೋಸ್‌ನವರು 2012ರಲ್ಲಿ ಅದರ ನಡುಭಾಷೆಯನ್ನೇ ಎರವಲು ಪಡೆದು 'ಸ್ಪಿರ್' ಮಾಡಿದರು. ತೊಂದರೆ ಏನು ಗೊತ್ತಾ? ಎಲ್‌ಎಲ್‌ವಿಎಂನ ನಡುಭಾಷೆ ಅದರ ಅಡುಗೆಮನೆಯ ಭಾಷೆ, ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಸ್ಪಿರ್ 3.2ನೇ ಆವೃತ್ತಿಗೆ ಗೂಟ ಹೊಡೆದುಕೊಂಡು ನಿಂತಿತು, ಎಲ್‌ಎಲ್‌ವಿಎಂ ಮುಂದೆ ಹೋಗುತ್ತಲೇ ಇತ್ತು.

ಪಾಠ ಕಲಿತವರು 2015ರಲ್ಲಿ ಸ್ವಂತದ್ದೊಂದು ತಂದರು, ಸ್ಪಿರ್-ವಿ. ಎಲ್ಲವೂ 32 ಬಿಟ್ಟಿನ ಪದಗಳು, ಓದಲು ಸುಲಭ. ಮರುವರ್ಷ ಬಂದ ವಲ್ಕನ್‌ಗೂ ಇದೇ ಭಾಷೆ. ಅದರಲ್ಲಿ ನನಗೆ ಹಿಡಿಸಿದ ನಿಯಮ ಒಂದಿದೆ. ಜಿಪಿಯುನಲ್ಲಿ ಥ್ರೆಡ್‌ಗಳು ಗುಂಪಾಗಿ ಹೆಜ್ಜೆ ಹಾಕುತ್ತವೆ. ಎನ್ವಿಡಿಯಾದಲ್ಲಿ ಅದಕ್ಕೆ 'ವಾರ್ಪ್' ಅಂತಾರೆ, ಅಂದರೆ ಮಗ್ಗದ ಹಾಸು, 32 ಎಳೆ. ಒಂದು 'ಇಫ್' ಬಂದಾಗ ಕೆಲವು ಈ ಕಡೆ, ಕೆಲವು ಆ ಕಡೆ ಹೋದರೆ ಮತ್ತೆ ಎಲ್ಲಿ ಸೇರಬೇಕು? ವಲ್ಕನ್‌ಗಾಗಿ ಬರೆದ ಸ್ಪಿರ್-ವಿಯಲ್ಲಿ ಆ ಜಾಗವನ್ನು ಮೊದಲೇ ಬರೆದಿಡಬೇಕು. ಜಾತ್ರೆಗೆ ಹೋಗುವ ಮೊದಲು 'ತಪ್ಪಿಸಿಕೊಂಡ್ರೆ ತೇರಿನ ಹತ್ರ ಬಾ' ಅಂತ ಅಮ್ಮ ಹೇಳುವ ಹಾಗೆ.

2019ರಲ್ಲಿ ಗೂಗಲ್‌ನಲ್ಲಿದ್ದ ಲ್ಯಾಟ್ನರ್ ಮತ್ತು ಸಂಗಡಿಗರು ಎಂಎಲ್‌ಐಆರ್ ತಂದರು. ಇವರು ಒಂದೇ ನಡುಭಾಷೆ ಅನ್ನೋ ಹಟವನ್ನೇ ಬಿಟ್ಟರು! ಇದರಲ್ಲಿ ಹಲವು 'ಡಯಲೆಕ್ಟ್'ಗಳು, ಅಂದರೆ ಉಪಭಾಷೆಗಳು. ಮೇಲೆ ಯಾವ ಕಂಪನಿಗೂ ಸೇರದ ಒಂದು ಜಿಪಿಯು ಉಪಭಾಷೆ. ಅದರಲ್ಲಿ 'ನಾನು ಎಷ್ಟನೇ ಥ್ರೆಡ್?' ಅಂತ ಕೇಳಿದರೆ, ಎನ್ವಿಡಿಯಾದ ಕಡೆಗೆ ಇಳಿಯುವಾಗ ಅದು ವಿಶೇಷ ರಿಜಿಸ್ಟರನ್ನು ಓದುವ ಆದೇಶವಾಗುತ್ತದೆ, ಎಎಂಡಿ ಕಡೆಗೆ 'ವರ್ಕ್‌ಐಟಂ' ಸಂಖ್ಯೆ ಕೇಳುವ ಆದೇಶ, ಸ್ಪಿರ್-ವಿ ಕಡೆಗೆ ಮೊದಲೇ ತುಂಬಿಟ್ಟ ಚರಾಂಶವೊಂದರ ಓದು. ಧಾರವಾಡದಲ್ಲಿ 'ಎಲ್ಲಿಗೆ ಹೊಂಟೀರಿ', ಮಂಗಳೂರಲ್ಲಿ 'ಎಲ್ಲಿಗೆ ಹೋಗುದು ಮಾರ್ರೆ', ಮೈಸೂರಲ್ಲಿ 'ಎಲ್ಗೋಗ್ತಿದೀರ'. ಪ್ರಶ್ನೆ ಒಂದೇ.

ಈಗ ನನ್ನ ಬಗ್. ಗುಂಪಿನ ಥ್ರೆಡ್‌ಗಳೆಲ್ಲ ಹೌದು-ಅಲ್ಲ ಅಂತ ವೋಟು ಹಾಕುವ ಆದೇಶವೊಂದಿದೆ. ಒಂದು ಥ್ರೆಡ್ಡಿಗೆ ಒಂದು ಬಿಟ್. ನಮ್ಮ ಕೋಡ್ ಫಲಿತಾಂಶವನ್ನು 32 ಬಿಟ್ಟಿನ ಡಬ್ಬದಲ್ಲಿ ಇಡುತ್ತಿತ್ತು. ಹೊಸ ಕಾರ್ಡಿನ ಗುಂಪಿನಲ್ಲಿ ಇದ್ದದ್ದು 64 ಥ್ರೆಡ್. ಅರ್ಧ ಮತದಾರರ ವೋಟು ಸದ್ದಿಲ್ಲದೆ ಕಸದ ಬುಟ್ಟಿಗೆ! ಕಂಪೈಲರ್ ತಪ್ಪು ಮಾಡಿರಲಿಲ್ಲ. ನಮ್ಮ ತಪ್ಪು ಊಹೆಯನ್ನೂ ಅಷ್ಟೇ ನಿಷ್ಠೆಯಿಂದ ಅನುವಾದ ಮಾಡಿಕೊಟ್ಟಿತ್ತು.

ಸ್ಪಿರ್-ವಿಯಲ್ಲಿ ಇದೇ ವೋಟಿನ ಫಲಿತಾಂಶ ಎಷ್ಟು ಗೊತ್ತಾ? 32 ಬಿಟ್ಟಿನ ನಾಲ್ಕು ಸಂಖ್ಯೆ, ಒಟ್ಟು 128 ಬಿಟ್. ಬೇರೆ ಬೇರೆ ಕಂಪನಿಯವರು ಒಂದೇ ಮೇಜಿನ ಸುತ್ತ ಕೂತಾಗ ಯಾರ ಗುಂಪೂ ಹೊರಗುಳಿಯಬಾರದು ಅಂತ ಜಾಗ ಬಿಟ್ಟಿದ್ದಾರೆ. ನಡುಭಾಷೆ ಅಂದರೆ ಬರೀ ಅನುವಾದದ ಅನುಕೂಲ ಅಂದುಕೊಂಡಿದ್ದೆ. ಅಲ್ಲ, ಅದೊಂದು ಒಪ್ಪಂದ. ಎಲ್ಲೆಲ್ಲಿ ನಾವು ಬೇರೆ ಬೇರೆ ಅಂತ ಒಪ್ಪಿಕೊಂಡು ಬರೆದಿಟ್ಟದ್ದು. 2024ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಡೈರೆಕ್ಟ್3ಡಿ ಮುಂದೆ ಸ್ಪಿರ್-ವಿಗೆ ಬರಲಿದೆ ಅಂದಿತು.

ಅನ್‌ಕೋಲ್ ಸೋತಿತು ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ. ನನಗೇಕೋ ಅದು ಇನ್ನೂ ನಡೆಯುತ್ತಲೇ ಇದೆ ಅನ್ನಿಸುತ್ತದೆ. ನೀವೇನಂತೀರಿ?