ಬೆಂಕಿಪೊಟ್ಟಣದ ಹುಡುಗಿಯರು

ಸಂಜೆ ದೇವರ ಮುಂದೆ ದೀಪ ಹಚ್ಚಲು ಕಡ್ಡಿ ಗೀರುವಾಗ ನನಗೆ ಎರಡು ಸಂಗತಿಗಳು ಒಟ್ಟಿಗೇ ನೆನಪಾಗುತ್ತವೆ. ಒಂದು, ನಾನು ತರಗತಿಯಲ್ಲಿ ಹೇಳುವ ಚರಿತ್ರೆ. ಇನ್ನೊಂದು, ಬಹುಕಾಲ ಯಾರಿಗೂ ಹೇಳದೆ ಉಳಿಸಿಕೊಂಡದ್ದು.

ಆನಿ ಬೆಸೆಂಟ್ ಎಂದರೆ ನಮ್ಮ ಮಕ್ಕಳಿಗೆ ಹೋಂರೂಲ್ ಚಳವಳಿ, 1917ರ ಕಲ್ಕತ್ತಾ ಕಾಂಗ್ರೆಸ್ಸಿನ ಅಧ್ಯಕ್ಷೆ. ಎರಡು ಅಂಕದ ಪ್ರಶ್ನೆ. ಆದರೆ 1893ರಲ್ಲಿ ಭಾರತಕ್ಕೆ ಬರುವ ಮೊದಲೇ ಆಕೆ ಲಂಡನ್ನಿನ ಬಡ ಹೆಣ್ಣುಮಕ್ಕಳಿಗಾಗಿ ಲೇಖನಿ ಹಿಡಿದಿದ್ದರು. ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಬ್ರಯಾಂಟ್ ಅಂಡ್ ಮೇ ಕಂಪನಿಯ ಬೆಂಕಿಪೊಟ್ಟಣದ ಕಾರ್ಖಾನೆಯಿತ್ತು. ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು, ಹುಡುಗಿಯರು. ಹದಿನಾರರ ಹುಡುಗಿಗೆ ವಾರಕ್ಕೆ ನಾಲ್ಕು ಷಿಲಿಂಗ್ ಕೂಲಿ. ಕಾಲು ಕೊಳಕಾಗಿದ್ದರೆ ಮೂರು ಪೆನ್ಸ್ ದಂಡ, ಮಾತಾಡಿದರೆ ದಂಡ, ತಡವಾದರೆ ದಂಡ.

ಇದಕ್ಕಿಂತ ಘೋರವಾದದ್ದು ಬಿಳಿ ರಂಜಕ. ಎಲ್ಲಿ ಗೀರಿದರೂ ಹೊತ್ತಿಕೊಳ್ಳುವ ಅಗ್ಗದ ಕಡ್ಡಿಗೆ ಅದನ್ನು ಬಳಸುತ್ತಿದ್ದರು. ಅದರ ಹೊಗೆ ಕುಡಿದವರಿಗೆ ಮೊದಲು ಹಲ್ಲುನೋವು, ಆಮೇಲೆ ಬಾವು, ಕೀವು. ಕೊನೆಗೆ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಊಟಕ್ಕೆ ಬೇರೆ ಜಾಗವಿಲ್ಲದ್ದರಿಂದ ಕೆಲಸ ಮಾಡುವಲ್ಲೇ ಬುತ್ತಿ ಬಿಚ್ಚಬೇಕು. ತುತ್ತಿನ ಜೊತೆ ವಿಷವೂ ಒಳಗೆ ಹೋಗಬೇಕು. ಅಪಾಯ ಕಡಿಮೆಯಿರುವ ಕೆಂಪು ರಂಜಕದ ಕಡ್ಡಿ ಆಗಲೇ ಇತ್ತು. ಆದರೆ ಅದು ದುಬಾರಿ.

1888ರ ಜೂನಿನಲ್ಲಿ ಬೆಸೆಂಟ್ ಈ ಹುಡುಗಿಯರನ್ನು ಮಾತಾಡಿಸಿ, ತಮ್ಮ ಪತ್ರಿಕೆಯಲ್ಲಿ ಲೇಖನ ಬರೆದರು. ಮಾಲೀಕರು ದಂಡವನ್ನೂ ತೆಗೆಯಲಿಲ್ಲ, ರಂಜಕವನ್ನೂ ಬಿಡಲಿಲ್ಲ. ಅವರು ಮಾಡಿದ್ದು ಒಂದೇ ಕೆಲಸ: ಲೇಖನದಲ್ಲಿರುವುದು ಸುಳ್ಳು, ನಾವು ಸುಖವಾಗಿದ್ದೇವೆ ಎಂಬ ಕಾಗದಕ್ಕೆ ಸಹಿ ಹಾಕಿರೆಂದು ಹುಡುಗಿಯರ ಮುಂದಿಟ್ಟರು. ಅವರು ಹಾಕಲಿಲ್ಲ. ಒಬ್ಬಳನ್ನು ಕೆಲಸದಿಂದ ತೆಗೆದದ್ದೇ ತಡ, ಜುಲೈ ಮೊದಲ ವಾರದಲ್ಲಿ ಸುಮಾರು 1,400 ಮಂದಿ ಹೊರಗೆ ಬಂದರು.

ತರಗತಿಯಲ್ಲಿ ಇಷ್ಟು ಹೇಳುವ ಹೊತ್ತಿಗೆ ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಅವರಿಗೆ ಹೆದರಿಕೆ ಆಗಲಿಲ್ವಾ?" ಎಂದು ಕೇಳಿದಳು. ನನ್ನ ಗಂಟಲು ಕಟ್ಟಿತು.

ಬಹಳ ವರ್ಷಗಳ ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಜಗಲಿಯ ತಾರಸಿ ಮಳೆಗೆ ನೆನೆದು ಗಾರೆ ಉದುರುತ್ತಿತ್ತು. ದಿನವೂ ಅದರ ಕೆಳಗೆ ಗುಡಿಸುತ್ತಿದ್ದ ಆಯಾ ಆಡಳಿತದವರಿಗೆ ಎರಡು ಸಲ ಹೇಳಿದ್ದಳು. ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. "ಟೀಚರೇ, ನೀವು ಬರೆದುಕೊಟ್ರೆ ಕೇಳ್ತಾರೆ" ಎಂದು ನನ್ನ ಹತ್ತಿರ ಬಂದಳು. ನೋಡೋಣ ಎಂದೆ. ತಪಾಸಣೆ ಹತ್ತಿರ ಬಂದಾಗ, ಕಟ್ಟಡ ಸುಸ್ಥಿತಿಯಲ್ಲಿದೆ ಎಂಬ ಕಾಗದ ನಮ್ಮೆಲ್ಲರ ಮುಂದೆ ಬಂತು. ನನ್ನ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ. ಸಹಿ ಹಾಕಿದೆ. ಮುಂದಿನ ಮಳೆಗಾಲದಲ್ಲಿ ಗಾರೆಯ ದೊಡ್ಡ ಹೆಂಟೆ ಆಯಾಳ ಬಲಗೈ ಮೇಲೆ ಬಿತ್ತು. ಆಮೇಲೆ ಆ ಕೈಯಲ್ಲಿ ಅವಳು ಕೊಡ ಎತ್ತಲಿಲ್ಲ. ನೋಡಲು ಹೋದಾಗ ಒಂದು ಮಾತೂ ಆಡದೆ ಕಾಫಿ ಮಾಡಿಕೊಟ್ಟಳು, ಎಡಗೈಯಲ್ಲಿ.

ಲಂಡನ್ನಿನ ಹುಡುಗಿಯರಿಗೂ ಹೆದರಿಕೆ ಇತ್ತು. ಕೂಲಿ ನಿಂತರೆ ಮನೆಯಲ್ಲಿ ಒಲೆ ಉರಿಯದು. ಆದರೂ ಎರಡು ವಾರದೊಳಗೆ ಕಂಪನಿ ಬಗ್ಗಿತು. ದಂಡ ಹೋಯಿತು. ಊಟಕ್ಕೆ ಬೇರೆ ಕೋಣೆ ಒಪ್ಪಿದರು. ದೂರುಗಳನ್ನು ಮೇಸ್ತ್ರಿಯ ಮೂಲಕವಲ್ಲದೆ ನೇರವಾಗಿ ಮೇಲಿನವರಿಗೇ ಹೇಳುವ ಹಕ್ಕು ಸಿಕ್ಕಿತು. ನನಗೆ ಈ ಮೂರನೆಯದೇ ದೊಡ್ಡದಾಗಿ ಕಾಣುತ್ತದೆ.

ರಂಜಕ ಮಾತ್ರ ಅಷ್ಟು ಬೇಗ ಹೋಗಲಿಲ್ಲ. ದವಡೆ ಕೊಳೆತ 17 ಪ್ರಕರಣಗಳನ್ನು ಮುಚ್ಚಿಟ್ಟದ್ದಕ್ಕೆ 1898ರಲ್ಲಿ ಅದೇ ಕಂಪನಿಗೆ ದಂಡ ಬಿತ್ತು, ಬರೀ 25 ಪೌಂಡು ಚಿಲ್ಲರೆ. 1901ರಲ್ಲಿ ಅದು ಬಿಳಿ ರಂಜಕ ಬಿಟ್ಟಿತು. ಬ್ರಿಟನ್ನಿನಲ್ಲಿ ನಿಷೇಧದ ಕಾಯಿದೆ ಬಂದದ್ದು 1908ರಲ್ಲಿ, ನಮ್ಮ ದೇಶದಲ್ಲಿ 1913ರಲ್ಲಿ. ಇಂದು ನಾವು ನಿಶ್ಚಿಂತೆಯಿಂದ ಗೀರುವ ಕಡ್ಡಿಯ ಹಿಂದೆ ಇಷ್ಟು ಕಾಲದ ನೋವಿದೆ.

ಅಂದು ಆ ಹುಡುಗಿಗೆ, "ಆಗಿತ್ತಮ್ಮ, ನನಗೂ ಆಗಿತ್ತು" ಎಂದು ಆಯಾಳ ಕಥೆಯನ್ನೂ ಹೇಳಿದೆ. ತರಗತಿ ಸದ್ದಿಲ್ಲದೆ ಕೇಳಿತು. ಈಗ ಯಾವ ಕಾಗದ ಮುಂದೆ ಬಂದರೂ ಮೊದಲು ಪೂರ್ತಿ ಓದುತ್ತೇನೆ. ಆಮೇಲೆ ಅದರಲ್ಲಿ ಹೇಳಿರುವ ಜಾಗಕ್ಕೆ ಹೋಗಿ, ತಲೆಯೆತ್ತಿ ಒಮ್ಮೆ ತಾರಸಿ ನೋಡಿ ಬರುತ್ತೇನೆ.