ಈಪ್ರ್ ಪಟ್ಟಣದ ದೇವಾಲಯ ಮತ್ತು ಶಾಲೆ

1927ರ ಜುಲೈ 24ರಂದು ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದಲ್ಲಿ ಫೀಲ್ಡ್ ಮಾರ್ಷಲ್ ಪ್ಲೂಮರ್ ಮೆನಿನ್ ದ್ವಾರವನ್ನು ಉದ್ಘಾಟಿಸಿದರು. ಅಂದೇ ಸಂತ ಜಾರ್ಜರ ಆಂಗ್ಲಿಕನ್ ದೇವಾಲಯಕ್ಕೂ ಅಸ್ತಿಭಾರವನ್ನಿಟ್ಟರು. ಎರಡಕ್ಕೂ ರೆಜಿನಾಲ್ಡ್ ಬ್ಲೂಮ್‌ಫೀಲ್ಡರೇ ವಾಸ್ತುಶಿಲ್ಪಿ. ದ್ವಾರದ ಗೋಡೆಗಳ ಮೇಲೆ, ಸಮಾಧಿಯೇ ತಿಳಿಯದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅವರಲ್ಲಿ ಭಾರತೀಯರೂ ಇದ್ದಾರೆ.

ದೇವಾಲಯದ ಸ್ಮರಣೆ ಬೇರೆ ಬಗೆಯದು. ಅಲ್ಲಿಯ ಕುರ್ಚಿ, ಕಿಟಕಿ, ಫಲಕಗಳು ಮಡಿದವರ ಹೆಸರಿನಲ್ಲಿ ಅರ್ಪಿತವಾದವು. ಸತ್ತವನ ಹೆಸರಿರುವ ಕುರ್ಚಿಯಲ್ಲಿ ಬದುಕಿರುವವನು ಕುಳಿತು ಪ್ರಾರ್ಥಿಸುತ್ತಾನೆ. ಸಂತರ ಅನ್ಯೋನ್ಯತೆಯನ್ನು ತರಗತಿಯಲ್ಲಿ ನಾನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸಲಾರೆ.

ಪಕ್ಕದಲ್ಲಿಯೇ 1929ರಲ್ಲಿ ಶಾಲೆಯೊಂದು ಆರಂಭವಾಯಿತು. ಆ ರಣಭೂಮಿಯಲ್ಲಿ ಮಡಿದ 342 ಮಂದಿ ಈಟನ್ ಕಾಲೇಜಿನವರ ನೆನಪಿಗಾಗಿ ಆ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದರು. ಅಲ್ಲಿ ಕಲಿತವರು ಯುದ್ಧಸಮಾಧಿಗಳನ್ನು ನೋಡಿಕೊಳ್ಳುತ್ತಿದ್ದ ತೋಟಗಾರರ ಮಕ್ಕಳು. ನನ್ನ ಎಣಿಕೆಯಲ್ಲಿ ಈ ಸ್ಮಾರಕ ಮೆನಿನ್ ದ್ವಾರಕ್ಕಿಂತ ಹಿರಿದು. ಆದರೆ ಅದು ಆ ಮಕ್ಕಳನ್ನು ಮತ್ತೊಂದು ಯುದ್ಧದಿಂದ ಕಾಪಾಡಲಿಲ್ಲ. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ನುಗ್ಗಿದಾಗ ಶಾಲೆ ಮುಚ್ಚಿತು, ಕುಟುಂಬಗಳು ದಿಕ್ಕಾಪಾಲಾದವು. ವಿದ್ಯಾರ್ಥಿಗಳಾಗಿದ್ದವರಲ್ಲಿ ಕೆಲವರು ಮುಂದೆ ಗುಪ್ತ ಪ್ರತಿರೋಧದ ಕಾರ್ಯಕ್ಕಿಳಿದರು. ಶಾಲೆ ಮತ್ತೆ ತೆರೆಯಲಿಲ್ಲ. ಅದರ ಕಟ್ಟಡವನ್ನು ದೇವಾಲಯವು ಸಭಾಂಗಣವಾಗಿ ಬಳಸುತ್ತಿದೆ.